ಜುಟ್ಟು ನೋಡಿ ಕೊಯ್ಯಬೇಡಿ

ಬೆಳಕು ಹರಿಯುವ ಮೊದಲೇ ನಮ್ಮ ಹಿತ್ತಿಲಲ್ಲಿ ಹುಂಜ ಕೂಗಿತು. ಏಳು ಗಂಟೆಗೆ ಬಡಾವಣೆಯ ಸಂಘದವರು ಬಾಗಿಲಿಗೆ ಬಂದರು. ಸಂಜೆಯೊಳಗೆ ಹುಂಜ ಹೋಗಬೇಕು, ಇಲ್ಲದಿದ್ದರೆ ನಾಲ್ಕು ಕೋಳಿಯೂ ಇಲ್ಲಿರಬಾರದು ಎಂದು ಹೇಳಿ ಹೋದರು.

ನಾವು ಮಂಡ್ಯದ ಕಡೆಯವರು. ನಮ್ಮ ಯಜಮಾನರು ಜಯಣ್ಣ, ಕೇಂದ್ರ ಸರ್ಕಾರದ ನೌಕರರು. ಈಗ ಕೊಚ್ಚಿಯ ಏಲೂರಿನಲ್ಲಿ ಬಾಡಿಗೆ ಮನೆ. ತಿರುವನಂತಪುರದಿಂದ ತಂದ ಐದು ಮರಿಗಳನ್ನು ನಾನೇ ಸಾಕಿದ್ದೆ. ಕತ್ತಿನಲ್ಲಿ ಗರಿಯೇ ಇಲ್ಲದ, ಆ ಕಡೆಯ ಬೋಳುಕತ್ತಿನ ಜಾತಿ. ಐದು ತಿಂಗಳಿಂದ ಮೊದಲ ಮೊಟ್ಟೆಗೆ ಕಾಯುತ್ತಿದ್ದೆ.

ಹೋದ ಭಾನುವಾರವೂ ಇದೇ ದೂರು ಬಂದಿತ್ತು. ಜುಟ್ಟು ಕೆಂಪಗಿದ್ದ ಒಂದನ್ನು ಇವರು ಹುಂಜವೆಂದು ಅಂಗಡಿಗೆ ಒಯ್ದು ಕೊಯ್ಯಿಸಿದ್ದರು. ಸೋಮವಾರ ಮತ್ತೆ ಕೂಗು ಕೇಳಿತು. ಆಗಲಾದರೂ ಯೋಚಿಸಬೇಡವೇ? ಆತುರಗಾರನಿಗೆ ಬುದ್ಧಿ ಮಟ್ಟ!

"ಇನ್ನೊಂದು ಹುಂಜ ಐತೆ, ಅಷ್ಟೇಯ. ನೋಡು, ಈ ಕರೀದ್ರ ಜುಟ್ಟು ಹೆಂಗೆ ಕೆಂಪಗಾಗೈತೆ" ಎನ್ನುತ್ತಾ ಕರಿ ಕೋಳಿಯ ಕಾಲು ಕಟ್ಟಿದರು.

"ಬ್ಯಾಡ ಕಣ್ರೀ. ಮೇರಿಯಕ್ಕಂಗೆ ಫೋನ್ ಮಾಡಿದ್ದೀನಿ, ಬರ್ಲಿ ತಡೀರಿ."

"ಅವ್ರೇನು ಕೋಳಿ ಹೊಟ್ಟೇಲಿ ಹುಟ್ಟವ್ರಾ? ಅಂಗಡಿಯೋನು ಕಾಯ್ತಾವ್ನೆ."

ಇವರು ಚೀಲ ಹಿಡಿದು ಗೇಟು ತೆಗೆಯುವುದಕ್ಕೂ ಮೇರಿಯಕ್ಕ ಸ್ಕೂಟರ್ ನಿಲ್ಲಿಸುವುದಕ್ಕೂ ಸರಿಹೋಯಿತು. ಅವರು ಬಂಟ್ವಾಳದವರು, ಇಲ್ಲಿ ಪಶು ಆಸ್ಪತ್ರೆಯಲ್ಲಿ ಕೆಲಸ.

"ಎಂತ ಮಾರಾಯ್ರೇ, ಎಲ್ಲಿಗೆ ಕೊಂಡೋಗ್ತೀರಿ? ಒಮ್ಮೆ ಕೆಳಗೆ ಬಿಡಿ ಅದನ್ನು."

"ಜುಟ್ಟು ಕೆಂಪಗೈತಲ್ಲ ಮೇಡಂ?"

"ಮೊಟ್ಟೆ ಇಡುವ ಹೊತ್ತು ಬಂದ್ರೆ ಹೇಂಟೆಗೂ ಜುಟ್ಟು ಕೆಂಪಾಗ್ತದೆ. ಕತ್ತಿನ ಗರಿ ನೋಡುವ ಅಂದ್ರೆ ಇವಕ್ಕೆ ಅದೇ ಇಲ್ಲ. ಬಾಲದ ಬುಡ ನೋಡಿ. ಅಲ್ಲಿಯ ಗರಿ ದುಂಡಗಿದ್ರೆ ಹೇಂಟೆ. ಉದ್ದಕ್ಕೆ, ಚೂಪಾಗಿ ಜೋತುಬಿದ್ರೆ ಹುಂಜ."

ಕರಿ ಕೋಳಿಯ ಗರಿ ದುಂಡಗಿತ್ತು. ಇವರಿಗೆ ಇನ್ನೂ ನಂಬಿಕೆಯಿಲ್ಲ. ಮೇರಿಯಕ್ಕ ಕಟ್ಟು ಬಿಚ್ಚಿ, ಅದರ ಬೆನ್ನ ಮೇಲೆ ಮೆಲ್ಲಗೆ ಕೈಯಿಟ್ಟರು. ಅದು ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಅವುಚಿ ಕೂತಿತು.

"ಕಂಡ್ರಾ? ಹೀಗೆ ಕೂತ್ರೆ ಮೊಟ್ಟೆ ಹತ್ರ ಬಂತು ಅಂತ ಲೆಕ್ಕ."

ಆಮೇಲೆ ಅವರು ಮೂಲೆಯಲ್ಲಿದ್ದ ಕಂದು ಕೋಳಿಯನ್ನು ಹಿಡಿದರು. ಉಳಿದವುಗಳಿಂದ ಕುಕ್ಕಿಸಿಕೊಂಡು ಸುಮ್ಮನಿರುತ್ತಿದ್ದ ಬಡಪಾಯಿ ಅದು. ಜುಟ್ಟೂ ಸಣ್ಣದು. ಬಾಲದ ಬುಡದ ಗರಿ ಮಾತ್ರ ಚೂಪು ಚೂಪು.

"ಇವನೇ ಕೂಗುವವ. ಅಂಬಲಮುಗಳ್‌ನಲ್ಲಿ ನಮ್ಮ ಮನೆ ಸುತ್ತ ಜಾಗ ಉಂಟು, ಅಲ್ಲಿ ಇರಲಿ."

ಇವರ ಮುಖ ಸಪ್ಪಗಾಯಿತು. "ಹಂಗಾದ್ರೆ... ಹೋದ ವಾರದ್ದು?"

ಉತ್ತರ ನನಗೆ ಗೊತ್ತಿತ್ತು. ಕಾಳು ಹಾಕುವಾಗ ಬೆನ್ನು ಸವರಿದರೆ ಅದೂ ಹೀಗೆಯೇ ನನ್ನ ಕೈಕೆಳಗೆ ಕೂತುಬಿಡುತ್ತಿತ್ತು. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಇವರು ಹಿಡಿಯಲು ಬಗ್ಗಿದಾಗಲೂ ಅದು ಓಡಲಿಲ್ಲ, ಹಾಗೆಯೇ ಕೂತಿತ್ತು.

"ಅಯ್ಯೋ, ಅದು ಹೇಂಟೆ ಕಣ್ರೀ" ಎಂದೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಿಲಲ್ಲೂ ನಾಲ್ಕು ಕೋಳಿ ಇರಬಹುದು. ಬಾಲದ ಬುಡದ ಗರಿ ನೋಡಿ, ಬೆನ್ನ ಮೇಲೆ ಕೈಯಿಟ್ಟು ನೋಡಿ. ಅನುಮಾನವಿದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ. ನಾವು ಕೇಳಿದ್ದು ಒಂದು ವಾರ ತಡವಾಗಿ. ನೀವು ಕೊಯ್ಯುವ ಮೊದಲೇ ಕೇಳಿ.