ಬಿಸ್ಕತ್ತಿನ ಡಬ್ಬದ ಕಾವಲು

ಮುಚ್ಚಳ ತೆಗೆದದ್ದೇ ತಡ, ಡಬ್ಬ ಕಿರುಚಿಕೊಂಡಿತು. ಹೊಲಿಗೆ ಮಷಿನ್ನಿನ ಮುಂದಿದ್ದ ಹೆಂಡತಿ ಬೆಚ್ಚಿದ ರಭಸಕ್ಕೆ ಸೂಜಿಗೆ ಬೆರಳು ಕೊಡುವುದೊಂದು ಬಾಕಿಯಿತ್ತು. ರೇಡಿಯೋ ರಿಪೇರಿ ಮಾಡುವ ಅವಳ ಗಂಡ ಮಾತ್ರ ಮದುವೆಗಂಡಿನ ಹಾಗೆ ಬೀಗಿದರು. ಡಬ್ಬದೊಳಗೆ ಬಟಾಣಿ ಗಾತ್ರದ ಸೆನ್ಸರ್ ಕೂರಿಸಿದ್ದರು. ಬೆಳಕು ಬಿದ್ದರೆ ಬಜರ್ ಕೂಗುತ್ತದೆ, ಮುಚ್ಚಿದರೆ ಸುಮ್ಮನಾಗುತ್ತದೆ.

"ಬಿಸ್ಕತ್ತಿನ ಕಳ್ಳರು ಇನ್ನು ತಪ್ಪಿಸಿಕೊಳ್ಳಲಿ, ನೋಡೋಣ," ಎಂದರು.

ಕಳ್ಳರು ಎಂದರೂ ಅವರ ಕಣ್ಣು ಹೋದದ್ದು ಗುಂಡಿ ಹೊಲಿಯುತ್ತ ಕೂತಿದ್ದ ಒಬ್ಬಳ ಮೇಲೆ. ಅವಳು ಹೆಂಡತಿಯ ತಂಗಿ, ದಿನಾ ಬೆಳಿಗ್ಗೆ ಅಕ್ಕನ ಕೆಲಸಕ್ಕೆ ಕೈಜೋಡಿಸಲು ಬರುವವಳು. ಭಾವನ ಕೊಂಕು ಕೇಳಿ ಕೇಳಿ ಸಾಕಾಗಿ, ಈ ವಾರ ಮುಗಿದರೆ ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಅಕ್ಕನಿಗೆ ಹೇಳಿಯೂ ಆಗಿತ್ತು.

ಅಕ್ಕನಿಗೆ ಕಳ್ಳ ಯಾರೆಂದು ಗೊತ್ತಿತ್ತು. ಹನ್ನೊಂದರ ಹೊತ್ತಿಗೆ ಗಂಡ ಎದ್ದು, ನಿಂತಲ್ಲೇ ಎರಡು ಬಿಸ್ಕತ್ತು ತಿಂದು ಹೋಗಿ ಕೂರುತ್ತಿದ್ದರು. ಅರ್ಧ ಗಂಟೆ ಕಳೆದರೆ ಅದು ಅವರ ನೆನಪಿನಲ್ಲೇ ಇರುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದೆ ಬಿಚ್ಚಿದ ರೇಡಿಯೋದ ಒಂದೊಂದು ತಂತಿಯ ಬಣ್ಣವನ್ನೂ ಹೇಳಬಲ್ಲ ಮನುಷ್ಯನಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ನಾಲಿಗೆಯ ತುದಿಗೆ ಬಂದ ಮಾತನ್ನು ಪ್ರತಿಸಲವೂ ನುಂಗಿಕೊಂಡಿದ್ದಳು. ಈಗ ಡಬ್ಬ ಅವರ ಕೈಯಲ್ಲೇ ಕೂಗಿದರೆ, ತಂಗಿಯ ಎದುರೇ ಅವರ ಮರೆವು ಬಯಲಾಗುತ್ತಿತ್ತು.

ಮರುದಿನ ಬೆಳಿಗ್ಗೆ, ತಂಗಿ ಬರುವ ಮೊದಲೇ, ಗಂಡ ಸ್ನಾನಕ್ಕೆ ಹೋದದ್ದು ನೋಡಿ ಅವಳು ಪರದೆ ಎಳೆದು ದೀಪ ಆರಿಸಿದಳು. ಕತ್ತಲಲ್ಲಿ ಮುಚ್ಚಳ ತೆಗೆದರೂ ಡಬ್ಬ ಕೂಗಲಿಲ್ಲ. ಕಪ್ಪು ಟೇಪಿನ ಚೂರೊಂದನ್ನು ಕತ್ತರಿಸಿ ಸೆನ್ಸರಿನ ಮೇಲೆ ಅಂಟಿಸಿಬಿಟ್ಟಳು.

ಹನ್ನೊಂದಕ್ಕೆ ಅವರು ಎದ್ದರು, ತಿಂದರು, ಹೋಗಿ ಕೂತರು. ಡಬ್ಬ ತುಟಿ ಬಿಚ್ಚಲಿಲ್ಲ. ಹನ್ನೊಂದೂವರೆಗೆ ಮುಚ್ಚಳ ತೆಗೆದು ಎಣಿಸಿದರೆ ಎರಡು ಕಡಿಮೆ, ಆಗಲೂ ಬಜರ್ ಕೂಗಲಿಲ್ಲ. ಈ ಸಲ ಅವರಿಗೆ ಸಿಟ್ಟು ಬರಲಿಲ್ಲ. ನನ್ನ ಕೈಯೇ ಕೆಟ್ಟಿತೇನೋ ಎಂದು ಗೊಣಗುತ್ತ ಬೆರಳುಗಳನ್ನು ನೋಡಿಕೊಂಡರು. ಹೆಂಡತಿಗೆ ತಾನು ಮಾಡಿದ್ದು ಇನ್ನೂ ದೊಡ್ಡ ತಪ್ಪೆನಿಸಿತು.

ಕನ್ನಡಕ ಏರಿಸಿಕೊಂಡು ಅವರು ಡಬ್ಬದೊಳಗೆ ಹುಡುಕಿ ಟೇಪು ಕಿತ್ತರು. ಬಜರ್ ಕೂಗಿತು. ಕೈಯೇನೂ ಕೆಟ್ಟಿರಲಿಲ್ಲ. ಮುಚ್ಚಳ ಹಾಕಿ ಟೇಪನ್ನು ಬೆಳಕಿಗೆ ಹಿಡಿದರು. ಅದರ ಅಂಚು ಗರಗಸದ ಹಲ್ಲಿನಂತಿತ್ತು. ಹಾಗೆ ಕತ್ತರಿಸುವ ಕತ್ತರಿ ಮನೆಯಲ್ಲಿ ಒಂದೇ, ಅದು ಮಷಿನ್ನಿನ ಪಕ್ಕದಲ್ಲಿತ್ತು. ಅವರು ಹೆಂಡತಿಯನ್ನು ನೋಡಿದರು. ಅವಳ ಕಣ್ಣು ಅವರ ಅಂಗಿಯ ಮೇಲೆ ನೆಟ್ಟಿತ್ತು. ಅಲ್ಲಿ ಬಿಸ್ಕತ್ತಿನ ಪುಡಿ.

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು ರೀ."

ಅವರು ಅಂಗಿಯ ಪುಡಿ ಕೊಡವಿಕೊಂಡರು. ಆಮೇಲೆ ನಾದಿನಿಯ ಕಡೆ ತಿರುಗಿದರು.

"ತಪ್ಪು ನಂದೇ ಕಣಮ್ಮ. ನಾಳೆನೂ ಬಾ."

ಮತ್ತೆ ಅಂಟಿಸಲೆಂದು ಹೆಂಡತಿ ಟೇಪಿಗೆ ಕೈಚಾಚಿದಳು. ಅವರು ಕೊಡಲಿಲ್ಲ.

"ಬೇಡ, ಕೂಗ್ಲಿ ಬಿಡು. ನನಗೂ ಗೊತ್ತಾಗಬೇಕಲ್ಲ."

ಮರುದಿನ ಹನ್ನೊಂದಕ್ಕೆ ಡಬ್ಬ ಕೂಗಿತು. ತಂಗಿ ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿದಳು. ಹೆಂಡತಿಯೂ ಪೆಡಲ್ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಎರಡು ಸಾಕು ರೀ," ಎಂದಳು.

ಅವರು ಮೂರು ತೆಗೆದುಕೊಂಡರು. ಮೂರನೆಯದನ್ನು ನಾದಿನಿಯ ಮುಂದಿದ್ದ ಗುಂಡಿಗಳ ತಟ್ಟೆಯ ಪಕ್ಕದಲ್ಲಿಟ್ಟು, ಇನ್ನೂ ಕೂಗುತ್ತಿದ್ದ ಡಬ್ಬಕ್ಕೆ ಮುಚ್ಚಳ ಹಾಕಲು ವಾಪಸು ಹೋದರು.