ಮ್ವೇರಾ ಗಾಳಿ ಬಂದ ದಾರಿ

ಸರೋವರದ ಉಸಿಸ್ಯಾ ದಂಡೆಯ ನಮ್ಮ ಮೀನುಗಾರರ ಸಂಘಕ್ಕೆ ಒಂದು ಲ್ಯಾಪ್‌ಟಾಪ್ ಇತ್ತು. ಮುಚ್ಚಿಹೋದ ಯಾವುದೋ ತಂಬಾಕು ಕಚೇರಿಯ ಹರಾಜಿನಲ್ಲಿ ಬಂದದ್ದು. ಕಪ್ಪು, ದಪ್ಪ, ಇಟ್ಟಿಗೆಯಂಥ ಭಾರ. ಸಂಘದ ಕಾರ್ಯದರ್ಶಿಯಾದ ನಾನು ಬೆಳಿಗ್ಗೆ ಅದರ ಗುಂಡಿ ಒತ್ತಿ, ಮನೆಗೆ ಹೋಗಿ, ಮರಗೆಣಸಿನ ಮುದ್ದೆ ತೊಳಸಿ ತಿಂದು ಬಂದರೂ ಅದು ಕಣ್ಣು ಬಿಟ್ಟಿರುತ್ತಿರಲಿಲ್ಲ. ಒಳಗಿನ ಡಿಸ್ಕು ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಾಗೆ ಕಟಕಟ ಅನ್ನುತ್ತಿತ್ತು. ಅದರ ವೈಫೈ ಅಂತೂ ಹಿಂದಿನ ಮಳೆಗಾಲದಲ್ಲೇ ಸತ್ತಿತ್ತು.

ಆ ವರ್ಷ ಹವಾಮಾನದವರು ಸರೋವರದ ಗಾಳಿಯ ನಕ್ಷೆಯನ್ನು ದಿನಾ ಇಂಟರ್ನೆಟ್ಟಿನಲ್ಲಿ ಹಾಕತೊಡಗಿದರು. ಗುಡ್ಡದ ಮೇಲಿನ ಶಾಲೆಯವರು ತಮ್ಮ ವೈಫೈ ಬಳಸಿಕೊಳ್ಳಿ ಎಂದರು. ಫೋನಿನಲ್ಲಿ ನೋಡಿದರೆ ನಮ್ಮ ಇಡೀ ಸರೋವರ ಒಂದು ಹಸಿಮೆಣಸಿನಕಾಯಿಯಷ್ಟು ಕಾಣುತ್ತಿತ್ತು. ಹತ್ತಾರು ಜನ ಒಟ್ಟಿಗೆ ನಿಂತು ನೋಡಬೇಕಾದರೆ ಲ್ಯಾಪ್‌ಟಾಪೇ ಬೇಕು. ಹಾಗಾಗಿ ಎಂಜುಜು ಪೇಟೆಯಿಂದ ಲುಸುಂಗುವನ್ನು ಕರೆಸಿದೆವು. ಕಂಪ್ಯೂಟರ್ ರಿಪೇರಿಯ ಹೆಂಗಸು, ನನ್ನ ಓರಗೆಯವಳು. ಮೀನಿನ ಲಾರಿಯಲ್ಲಿ ಕುಲುಕಾಡಿಕೊಂಡು ಬಂದಿಳಿದಳು.

ಬಂದವಳೇ ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಒಂದು ತಂತಿಯ ಮೂಲಕ ತಾನು ತಂದ ಹೊಸ ಡಿಸ್ಕಿಗೆ ಇಳಿಸಲು ಹಚ್ಚಿದಳು. ಅದು ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಆಮೇಲೆ ಸಂಘದ ಚಪ್ಪರದಡಿ ಲ್ಯಾಪ್‌ಟಾಪನ್ನು ಬೋರಲು ಹಾಕಿ ತಿರುಪು ಬಿಚ್ಚುತ್ತಿದ್ದಾಗ ಲೊಂಗ್ವೆ ಅಜ್ಜ ಬಂದರು. ನಮ್ಮ ದೋಣಿಯವರಲ್ಲೆಲ್ಲ ಹಿರಿಯರು. ಈ ಯಂತ್ರದ ಮೇಲೆ ಅವರಿಗೆ ಚೂರೂ ನಂಬಿಕೆ ಇರಲಿಲ್ಲ.

"ಏನಮ್ಮಾ, ಹೊಟ್ಟೆ ಸೀಳಿ ಏನ್ ಹುಡುಕ್ತಿದೀಯಾ? ಮೊಟ್ಟೆ ಇದೆಯಾ?"

"ಕರುಳು ಬದಲಾಯಿಸ್ತಿದೀನಿ ಅಜ್ಜ. ನಿಮ್ಮದೂ ಕೆಟ್ಟಿದ್ರೆ ಹೇಳಿ, ಒಟ್ಟಿಗೇ ಮುಗಿಸ್ಬಿಡ್ತೀನಿ."

"ನನ್ನ ಕರುಳು ಉಸಿಪಾ ಮೀನು ತಿಂದು ಬೆಳೆದದ್ದು. ನಿನ್ನ ಚೀಲದಲ್ಲಿ ಅಂಥದ್ದು ಸಿಗಲ್ಲ ಬಿಡು."

ಹೊಸ ಡಿಸ್ಕು ಇಸ್ಪೀಟಿನ ಕಟ್ಟಿಗಿಂತ ತೆಳ್ಳಗಿತ್ತು. ತಿರುಗುವಂಥದ್ದು ಒಳಗೆ ಏನೂ ಇಲ್ಲ ಎಂದಳು. ಅದನ್ನು ಕೂರಿಸಿ, ನೀಲಿ ಪುಟವೊಂದನ್ನು ತೆರೆದು ಏನೇನೋ ಬದಲಿಸಿ, ಗುಂಡಿ ಒತ್ತಿದಳು. ಅಜ್ಜ ನಶ್ಯ ಏರಿಸಿ, ಸೀನಿ, ಮೂಗೊರೆಸಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿತ್ತು. ಸದ್ದೇ ಇಲ್ಲ! ನಾನು ಕಿವಿಯಿಟ್ಟು ಕೇಳಿದೆ. ಇಷ್ಟು ದಿನ ನರಳುತ್ತಿದ್ದ ಮನೆಯೊಳಗೆ ಯಾರೋ ಎದ್ದು, ಬಾಗಿಲು ತೆರೆದು, ಬನ್ನಿ ಎಂದ ಹಾಗಿತ್ತು.

"ಹಳೇದು ಸತ್ತು ಬೇರೆ ಹುಟ್ಟಿತಲ್ಲೇ!" ಎಂದರು ಅಜ್ಜ. ಹೋಗಲು ಎದ್ದಿದ್ದವರು ಮತ್ತೆ ಕೂತರು.

ತೊಡಕು ಬಂದದ್ದು ವೈಫೈ ಕಾರ್ಡಿನಲ್ಲಿ. ಬೆರಳುಗುರಿನಷ್ಟು ಅಗಲದ ಆ ಹೊಸ ಹಸಿರು ತುಂಡನ್ನು ಕೂರಿಸಿ ಗುಂಡಿ ಒತ್ತಿದರೆ, ಯಂತ್ರ ಮುಂದಕ್ಕೇ ಹೋಗಲಿಲ್ಲ. ಈ ಕಾರ್ಡಿಗೆ ಅನುಮತಿಯಿಲ್ಲ, ತೆಗೆಯಿರಿ ಎಂದು ಕಪ್ಪು ಪರದೆಯ ಮೇಲೆ ಬರೆದು ನಿಂತುಬಿಟ್ಟಿತು. ಲುಸುಂಗುವಿನ ಮುಖ ಇಳಿಯಿತು.

"ಕಚೇರಿಗಳಿಗೆ ಅಂತ ಮಾಡಿದ ಯಂತ್ರ ಇದು. ತಯಾರಿಸಿದವರು ಒಪ್ಪಿದ ಕಾರ್ಡು ಬಿಟ್ರೆ ಬೇರೇದನ್ನ ಒಳಗೆ ಸೇರಿಸಲ್ಲ. ನಾನು ಬರೋ ಮುಂಚೆ ವಿಚಾರಿಸ್ಬೇಕಿತ್ತು."

"ಪಂಕ್ತಿಯಲ್ಲಿ ಪರಕೀಯರನ್ನ ಕೂರಿಸಲ್ಲ ಅನ್ನುತ್ತೆ," ಎಂದು ಅಜ್ಜ ನಕ್ಕರು. "ಹಾಗಾದ್ರೆ ಇದರ ಒಡಹುಟ್ಟಿದವರನ್ನೇ ಕೇಳಿ."

ಅವರು ತಮಾಷೆಗೆ ಅಂದದ್ದು. ಆದರೆ ನನಗೆ ಹಿಟ್ಟಿನ ಗಿರಣಿಯ ನ್ಯಾಮಂಡಾ ನೆನಪಾದಳು. ಅದೇ ಹರಾಜಿನಲ್ಲಿ ಅವಳೂ ಇಂಥದ್ದೇ ಒಂದನ್ನು ತಂದಿದ್ದಳು. ಪರದೆ ಒಡೆದ ಮೇಲೆ ಹಿಟ್ಟಿನ ಪೀಪಾಯಿಯ ಮುಚ್ಚಳ ಹಾರದಂತೆ ಅದರ ಮೇಲೆ ಹೇರಿಟ್ಟಿದ್ದಳು. ನಾನು ಓಡಿದೆ.

"ತಗೊಂಡು ಹೋಗು," ಎಂದಳು ನ್ಯಾಮಂಡಾ, "ಆದ್ರೆ ಅಷ್ಟೇ ಭಾರದ ಕಲ್ಲು ತಂದಿಟ್ಟು ಹೋಗು. ಇಲಿಗಳಿಗೆ ನಿಮ್ಮ ಸಂಘ ಗೊತ್ತಿಲ್ಲ."

ಹಿಟ್ಟು ಮೆತ್ತಿದ ಆ ಯಂತ್ರದಿಂದ ಲುಸುಂಗು ಕಾರ್ಡು ತೆಗೆದು, ಬಟ್ಟೆಯಿಂದ ಒರೆಸಿ, ನಮ್ಮದರಲ್ಲಿ ಕೂರಿಸಿದಳು. ಕೂದಲಿನಂಥ ಎರಡು ತಂತಿಗಳು, ಒಂದು ಕಪ್ಪು, ಒಂದು ಬಿಳಿ. ಅವುಗಳ ಸಾಸಿವೆಯಷ್ಟು ತುದಿಗಳನ್ನು ಉಸಿರು ಬಿಗಿಹಿಡಿದು ಅದುಮಿದಳು. ಆ ತಂತಿಗಳು ಪರದೆಯ ಅಂಚಿನವರೆಗೆ ಏರಿ ಹೋಗಿದ್ದವು. ಅವೇ ಇದರ ಕಿವಿ ಎಂದಳು. ಈ ಸಲ ಯಂತ್ರ ತಕರಾರು ಮಾಡಲಿಲ್ಲ. ತುಸು ಹೊತ್ತಿಗೆ ಗುಡ್ಡದ ಶಾಲೆಯ ಹೆಸರು ಪರದೆಯ ಮೂಲೆಯಲ್ಲಿ ಮೂಡಿತು.

ಬಲೆ ಬಿಡಿಸುತ್ತಿದ್ದವರೂ ಎದ್ದು ಬಂದರು. ಲುಸುಂಗು ನಕ್ಷೆ ತೆರೆದಳು.

ಅದನ್ನು ಹೇಗೆ ಹೇಳಲಿ? ನಮ್ಮ ಸರೋವರ ಉದ್ದಕ್ಕೆ ಮಲಗಿತ್ತು, ತಲೆಯಿಂದ ಕಾಲಿನವರೆಗೆ, ನಮ್ಮಲ್ಲಿ ಯಾರೂ ಒಂದೇ ನೋಟಕ್ಕೆ ಅಷ್ಟು ದೊಡ್ಡದಾಗಿ ಕಂಡಿರದ ಹಾಗೆ. ಅದರ ಮೇಲೆ ಬಿಳಿಯ ಎಳೆಗಳು ಹರಿಯುತ್ತಿದ್ದವು, ಸಾವಿರಾರು, ಬಾಚಿದ ಕೂದಲಿನಂತೆ. ಗುಡ್ಡಗಳ ನಡುವೆ ಒತ್ತೊತ್ತಾಗಿ ನುಗ್ಗಿ ಉತ್ತರಕ್ಕೆ ಹೋಗುತ್ತಿದ್ದವು.

"ಇದು ಮ್ವೇರಾ," ಎಂದರು ಲೊಂಗ್ವೆ ಅಜ್ಜ ಮೆಲ್ಲಗೆ. ತೆಂಕಣ ಗಾಳಿಯನ್ನು ನಾವು ಕರೆಯುವುದು ಹಾಗೆ. ಅವರ ತಮ್ಮ ಜೋಸೆಯಾನನ್ನು ದೋಣಿಯೊಂದಿಗೆ ನುಂಗಿದ್ದು ಅದೇ. ಅದರ ಹೆಸರು ಬಂದಾಗಲೆಲ್ಲ ಅಜ್ಜ ನೆಲಕ್ಕೆ ಉಗುಳುತ್ತಿದ್ದರು. ಅವತ್ತು ಉಗುಳಲಿಲ್ಲ. "ಸರೋವರದ ತೆಂಕಣ ತುದಿಯಲ್ಲಿ ಹುಟ್ಟುತ್ತೆ. ನಮ್ಮಪ್ಪ ಹೇಳಿದ್ದು. ಅಲ್ಲಿ ತೋರ್ಸು."

ಲುಸುಂಗು ನಕ್ಷೆಯನ್ನು ಹಿಗ್ಗಿಸಿ ಮೇಲೆ ಸರಿಸಿದಳು. ತೆಂಕಣ ತುದಿ ಬಂತು. ಎಳೆಗಳು ಅಲ್ಲಿ ಹುಟ್ಟುತ್ತಿರಲಿಲ್ಲ, ಆಚೆಯಿಂದ ಬರುತ್ತಿದ್ದವು.

"ಇನ್ನೂ ಆಚೆ," ಎಂದರು.

ಮೊಜಾಂಬಿಕ್ ಬಂತು, ಅದರ ಕರಾವಳಿ ಬಂತು, ಅದೂ ಮುಗಿದು ಕಡುನೀಲಿ ಹರಡಿಕೊಂಡಿತು. ಎಳೆಗಳು ಅಲ್ಲಿಂದಲೂ ಹಿಂದಕ್ಕೆ, ದಡವೇ ಇಲ್ಲದಲ್ಲಿಂದ, ಬೃಹತ್ತಾದ ಒಂದು ಬಾಗಿನಲ್ಲಿ ತಿರುಗಿ ಬರುತ್ತಿದ್ದವು.

"ಇದೇನು, ಇನ್ನೊಂದು ಸರೋವರವಾ?"

"ಸಮುದ್ರ, ಅಜ್ಜ."

ಅಜ್ಜ ಪರದೆಯ ಹತ್ತಿರ ಬೆರಳು ತಂದರು, ಮುಟ್ಟಲಿಲ್ಲ. "ಇಷ್ಟು ದೂರದಿಂದ ಬರುತ್ತಾ ಇದು? ನಮ್ಮ ಊರಿನ ಯಾವನೋ ಪುಂಡನನ್ನ ಬೈದ ಹಾಗೆ ಬೈತಿದ್ನಲ್ಲೇ ನಾನು. ಅದಕ್ಕೆ ನಮ್ಮ ಜೋಸೆಯಾ ಯಾರು ಅಂತಾನೂ ಗೊತ್ತಿರಲಿಲ್ಲ." ಮತ್ತೆ ತಾವೇ, "ಗೊತ್ತಿರಲಿಲ್ಲ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಚರ್ಚಿನೊಳಗೆ ಕಾಲಿಟ್ಟವರು ತಾವಾಗಿಯೇ ದನಿ ತಗ್ಗಿಸುತ್ತಾರಲ್ಲ, ಹಾಗಿತ್ತು.

ಲುಸುಂಗು ನಾಳಿನ ನಕ್ಷೆ ಹಾಕಿದಳು. ನಮ್ಮ ದಂಡೆಯ ಮುಂದೆ ಇಡೀ ನೀರು ಕೆಂಪಗಾಗಿತ್ತು. ಕೆಂಪೆಂದರೆ ಬಿರುಗಾಳಿ ಎಂದಳು.

ಹೊರಗೆ ಸರೋವರ ಎಣ್ಣೆ ಸವರಿದಂತೆ ಮಲಗಿತ್ತು. ದೋಣಿಯ ಕೆಲವರು ಗೊಣಗಿದರು. "ಬೆಳದಿಂಗಳಿಲ್ಲದ ಈ ರಾತ್ರಿಗಳನ್ನ ಬಿಟ್ರೆ ಮತ್ತೆ ಉಸಿಪಾ ಸಿಗುತ್ತಾ? ಪೆಟ್ಟಿಗೆ ಹೆದರಿಸ್ತು ಅಂತ ಮನೇಲಿ ಕೂರೋಣ್ವಾ?"

"ನೀನು ಹೋಗಬೇಕಾದ್ರೆ ಹೋಗು," ಎಂದರು ಲೊಂಗ್ವೆ ಅಜ್ಜ, "ನನ್ನ ದೋಣೀನ ನಾನು ದಂಡೆ ಮೇಲಕ್ಕೆ ಎಳೀತೀನಿ. ಅಷ್ಟು ದೂರದಿಂದ ಬರೋರಿಗೆ ದಾರಿ ಬಿಡ್ಬೇಕು." ಅವರು ಎಳೆದ ಮೇಲೆ ಮಿಕ್ಕವರೂ ಎಳೆದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಮ್ವೇರಾ ಬಂತು. ನೀರು ಕಪ್ಪಗಾಗಿ ಎದ್ದು ನಿಂತಿತು, ಚಪ್ಪರದ ತಗಡು ಪಟಪಟ ಬಡಿದುಕೊಂಡಿತು. ದೋಣಿಗಳೆಲ್ಲ ಮರಳಿನ ಮೇಲಿದ್ದವು, ದೋಣಿಯವರೆಲ್ಲ ದಂಡೆಯಲ್ಲಿದ್ದರು. ಅಜ್ಜ ಗಾಳಿಗೆ ಎದುರಾಗಿ ನಿಂತಿದ್ದರು. ಅಂಗಿ ಮೈಗೆ ಅಂಟಿಕೊಂಡಿತ್ತು. ಹತ್ತಿರ ಹೋಗಿ ನೋಡಿದರೆ ತುಟಿ ನೆಕ್ಕುತ್ತಿದ್ದರು.

"ಏನಜ್ಜ, ಏನ್ ಮಾಡ್ತಿದೀರಾ?"

"ಸಮುದ್ರದ ನೀರು ಉಪ್ಪಂತೆ, ಆ ಹುಡುಗಿ ಹೇಳಿ ಹೋದ್ಲು."

"ಇದೆಯಾ, ಉಪ್ಪು?"

"ಸುಮ್ನಿರು. ನೋಡ್ತಿದೀನಿ."

ನಾನೂ ಅವರ ಪಕ್ಕ ನಿಂತು, ಕಣ್ಣು ಮುಚ್ಚಿ, ನಾಲಿಗೆ ಹೊರಗೆ ಚಾಚಿದೆ.