ಇಗ್ನಾಮಿನಿ ಎಂದರೇನು?

ಮೂರು ದಿನದಿಂದ ಒಂದೇ ಒಂದು ಪದ ಎರ್ರೆಪ್ಪನ ತಲೆ ತಿನ್ನುತ್ತಿತ್ತು. ಯುದ್ಧ ಮುಗಿದ ಮರುವರ್ಷ ಪಲ್ಟನ್ನಿನವರು ಅವನ ಕೈಗೊಂದು ಇಂಗ್ಲಿಷ್ ಕಾಗದ ತುರುಕಿ ಸಿರುಗುಪ್ಪಕ್ಕೆ ಅಟ್ಟಿದ್ದರು. ಏಕೆಂದು ಅವನಿಗೆ ಗೊತ್ತು: ತಾಯಿಯನ್ನು ಎತ್ತಿ ಬೈದ ಸಾಹೇಬನ ಕಪಾಳಕ್ಕೆ ಬಿಗಿದಿದ್ದ. ಊರಲ್ಲಿ ಮಾತ್ರ ಸರ್ವಿಸ್ ಮುಗಿಯಿತೆಂದಷ್ಟೇ ಹೇಳಿಕೊಂಡಿದ್ದ. ಕಾಗದ ಪೆಟ್ಟಿಗೆಯಲ್ಲೇ ಬಿದ್ದಿರುತ್ತಿತ್ತು, ಆದರೆ ಮಗಳು ಸಾವಂತ್ರಮ್ಮನ ಮಾವ ಚಿದಾನಂದಪ್ಪ ಕುರುಗೋಡಿನಿಂದ ಹೇಳಿಕಳಿಸಿದರು: “ಮೊದಲನೇ ಕೂಸಿಗೆ ನಮ್ಮ ಕಡೆ ಹೆಸರು ಇಟ್ಟಾತು. ಇದಕ್ಕ ನಿಮ್ಮ ಹೆಸರ ಇಡ್ತೀವಿ. ತೊಟ್ಟಿಲಿಗೆ ಬರುವಾಗ ಮಿಲಿಟ್ರಿ ಕಾಗದ ತರ್ರಿ, ನಾಕು ಮಂದಿಗೆ ತೋರಿಸೋಣು.”

ಅಬ್ಬಾ, ತನ್ನ ಹೆಸರಿನ ಮೊಮ್ಮಗ! ಇನ್ನೇನು ಬೇಕು? ಆದರೆ ತೋರಿಸುವ ಮೊದಲು ಒಳಗೇನಿದೆ ಎಂದು ತಿಳಿಯಬೇಡವೇ? ಶಾಲೆಯ ಓಬಣ್ಣ ಮಾಸ್ತರು ಹೆಸರು, ನಂಬರು, ಇಸವಿ ಎಲ್ಲ ಗಡಗಡ ಓದಿ, ಒಂದು ಪದದ ಹತ್ತಿರ ನಿಂತುಬಿಟ್ಟರು.

“ಇಗ್ನಾಮಿನಿ… ದೊಡ್ಡ ಪದ ಐತಿ. ಬಿರುದು ಇದ್ದಂಗ ಐತಿ ನೋಡಪ.”

ಮರೆಯಬಾರದೆಂದು ಅದನ್ನು ಕರಿಹಲಗೆಯ ಮೇಲೆ ಬೇರೆ ಬರೆದಿಟ್ಟರು. “ಅರ್ಥ ಸಿಕ್ಕರ ಕುರುಗೋಡಿಗೆ ಒಂದು ಕಾರ್ಡು ಹಾಕ್ರಿ, ತೊಟ್ಟಿಲಿಗೆ ಅಲ್ಲೇ ಇರ್ತೀನಿ” ಎಂದು ಬೀಗರ ವಿಳಾಸ ಕೊಟ್ಟವನು ಎರ್ರೆಪ್ಪನೇ. ಆದರೂ ತಡೆಯಲಾಗದೆ ಬಳ್ಳಾರಿಗೆ ಹೋದ.

ಕಂಟೋನ್ಮೆಂಟಿನ ಮುದಿ ವಕೀಲರು ದಪ್ಪ ಪುಸ್ತಕ ತಿರುವಿದರು.

“ಲ್ಯಾಟಿನ್ನಿಂದ ಬಂದದ್ದು. ಇದರಾಗ ಹೆಸರು ಅನ್ನೋ ಮಾತು ಐತಿ, ಅದರ ಮುಂದ ಇಲ್ಲ ಅಂತ ಸೇರೈತಿ. ಹೆಸರು ಕಳಕೊಳ್ಳೋದು. ನಾಕು ಮಂದ್ಯಾಗ ಮಾನ ಹೋಗೋದು.”

“ಬೈದವನ ಹೆಸರು ನೆಟ್ಟಗೈತಿ, ನನ್ನದು ಹೋತೇನ್ರಿ? ಇದ್ಯಾವ ನ್ಯಾಯ ರೀ!” ಎರ್ರೆಪ್ಪ ಕೂಗಾಡಿದ. ಪಾಪ, ವಕೀಲರೇನು ಮಾಡಿಯಾರು? ಕಾಗದ ಕಳೆಯಿತೆಂದು ಹೇಳಿದರಾಯಿತು ಎಂದು ಅದನ್ನು ಚೂರುಚೂರು ಮಾಡಿ ಕುರುಗೋಡಿನ ಬಸ್ಸಿನ ಕಿಟಕಿಯಿಂದ ಎಸೆದ.

ಕುರುಗೋಡಿನಲ್ಲಿ ಚಿದಾನಂದಪ್ಪ ಕಟ್ಟೆಯ ಮೇಲೆ ಕೂತಿದ್ದರು, ಕೈಯಲ್ಲಿ ಕಾರ್ಡು. ಓಬಣ್ಣ ಮಾಸ್ತರು, ಪುಣ್ಯಾತ್ಮ, ಎರ್ರೆಪ್ಪನ ಮಿಲಿಟ್ರಿ ಕಾಗದದ ಆ ಪದಕ್ಕೆ ಅರ್ಥ ಹುಡುಕಿ ಮುತ್ತಿನಂಥ ಅಕ್ಷರದಲ್ಲಿ ಬರೆದು ಹಾಕಿದ್ದರು. ಓದಲು ಬಾರದವರ ಮನೆಗಳಲ್ಲಿ ಕಾರ್ಡನ್ನು ಓದಿ ಹೇಳುವುದು ಟಪಾಲಿನವನ ರೂಢಿ. ಇದನ್ನೂ ಅವನು ಓಣಿಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೋಗಿದ್ದ.

“ನಮ್ಮ ಕೂಸಿಗೆ ಆ ಹೆಸರು ಬ್ಯಾಡ್ರಿ ಬೀಗರ” ಎಂದರು ಚಿದಾನಂದಪ್ಪ, ಮುಖ ನೋಡದೆ.

ಒಳಗೆ ಸಾವಂತ್ರಮ್ಮ ಕೂಸಿಗೆ ಹಾಲು ಕುಡಿಸುತ್ತಿದ್ದಳು.

“ಸಾಹೇಬ ನಮ್ಮವ್ವನ್ನ ಬೈದನವ್ವಾ, ಅದಕ್ಕ ಹೊಡದೆ” ಎಂದ ಎರ್ರೆಪ್ಪ.

“ಹೊಡದದ್ದು ಚಲೋ ಮಾಡಿದಿ ಯಪ್ಪಾ.” ಅವಳಿಗೆ ಅಳು ಒತ್ತರಿಸಿ ಬಂತು. “ಇಲ್ಲಿ ಯಾರಿಗೂ ಗೊತ್ತಿರಲಿಲ್ಲಲ್ಲ. ಊರೂರು ತಿರುಗಿ ಯಾಕ ಕೇಳಿದಿ?”

ಎರ್ರೆಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು, ತೀರಿಸಿಕೊಳ್ಳಲು ಯಾರೂ ಇರಲಿಲ್ಲ.

ಸಂಜೆ ಸೋದರತ್ತೆ ಕೂಸಿನ ಕಿವಿಯಲ್ಲಿ ಮರಿಬಸಪ್ಪ ಎಂದು ಮೂರು ಸಲ ಕರೆದಳು. ಹೆಂಗಸರು ಕರೆದರು, ಬೀಗರು ಕರೆದರು. “ಅಜ್ಜಾರ, ನೀವೂ ಕರೀರಿ” ಎಂದರು ಯಾರೋ. ಎರ್ರೆಪ್ಪ ತೊಟ್ಟಿಲಿಗೆ ಬಾಗಿ ಮೊಮ್ಮಗನನ್ನು ಆ ಹೆಸರಿನಿಂದಲೇ ಕರೆದ.